ಐದನೆಯ ಓಟಗಾರನ ಗುರು

ಓಡುವವನ ಕೀರ್ತಿ ಅವನ ಕಾಲಿನಲ್ಲಿರುತ್ತದೆ. ಕಾಲು ಸೋತ ದಿನ ಕೀರ್ತಿಯೂ ಸೋಲುತ್ತದೆ ಎಂಬುದು ಲೋಕದ ಎಣಿಕೆ. ಹಾಡುಗಾರನಿಗೆ ಅರವತ್ತರಲ್ಲಿಯೂ ಕಂಠವಿರಬಹುದು, ವಿದ್ವಾಂಸನಿಗೆ ಎಂಬತ್ತರಲ್ಲಿಯೂ ಶಾಸ್ತ್ರವಿರಬಹುದು. ಓಟಗಾರನಿಗಾದರೋ ಮೂವತ್ತೈದು ದಾಟಿತೆಂದರೆ ಸಂಜೆಯಾದಂತೆಯೇ. ಹಾಗಾದರೆ ಆ ಮೇಲಿನ ಆಯುಷ್ಯದಲ್ಲಿ ಅವನು ಮಾಡಬೇಕಾದುದೇನು? ಇಪ್ಪತ್ತು ವರ್ಷ ಬೆವರು ಸುರಿಸಿ ಗಳಿಸಿದ ಅರಿವು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಓಡಿದರೆ ನೌಕರಿ ಸಿಗುವುದೋ ಇಲ್ಲವೋ ಎಂಬಲ್ಲಿಗೇ ನಮ್ಮ ವಿಚಾರ ನಿಂತುಬಿಡುತ್ತದೆ.

ಈ ಲೇಖನವನ್ನು ಬರೆಯುತ್ತಿರುವ ನಾನು ಕ್ರೀಡಾಪಟುವಲ್ಲ. ಹತ್ತನೆಯ ವಯಸ್ಸಿಗೆ ಮಠದ ಪಾಠಶಾಲೆಯನ್ನು ಸೇರಿ, ನಸುಕಿನಲ್ಲಿ ತಣ್ಣೀರು ಸ್ನಾನ, ಪೂಜೆ, ಆಮೇಲೆ ವ್ಯಾಕರಣದ ಬಾಯಿಪಾಠ ಎಂಬ ಕ್ರಮದಲ್ಲಿ ಬೆಳೆದವನು. ಬಳಿಕ ಬಳ್ಳಾರಿಯಲ್ಲಿ ಕನ್ನಡ ಅಧ್ಯಾಪಕನಾಗಿದ್ದು ನಿವೃತ್ತನಾದವನು. ಓಟದ ವಿಷಯದಲ್ಲಿ ನನ್ನ ತಿಳಿವಳಿಕೆ ಅಲ್ಪ. ಆದರೆ ಒಬ್ಬ ಒಳ್ಳೆಯ ಗುರು ಹೇಗಿರುತ್ತಾನೆ ಎಂಬುದನ್ನು ಮಠದಲ್ಲಿ ಹತ್ತಾರು ವರ್ಷ ಕಣ್ಣಾರೆ ಕಂಡಿದ್ದೇನೆ. ಆ ಒಂದೇ ಅಳತೆಗೋಲನ್ನು ಹಿಡಿದು ಓಟದ ಗುರುಗಳನ್ನು ಅಳೆಯಬೇಕಾದ ಪ್ರಸಂಗ ನನಗೆ ಒದಗಿಬಂದಿತು.

ಪ್ರಸಂಗವಿಷ್ಟು. ಕುರುಗೋಡಿನಲ್ಲಿರುವ ನನ್ನ ಸೋದರಳಿಯನ ಮಗಳು ಪ್ರೌಢಶಾಲೆಯಿಂದಲೂ ಓಡುತ್ತಿದ್ದಾಳೆ. ೩೦೦೦ ಮೀಟರು, ಗುಡ್ಡಗಾಡು ಓಟ ಅವಳ ಆಸಕ್ತಿ. ೨೦೨೫ರ ಬೇಸಿಗೆಯಲ್ಲಿ ಪಿಯುಸಿ ಮುಗಿಯಿತು. ಅಳಿಯ ನಮ್ಮ ಮನೆಗೆ ಬಂದು, "ಮಾವ, ನೀವೊಂದು ಮಾತು ಹೇಳ್ರಿ ಆಕಿಗೆ. ಪಿಯುಸಿ ತನಕ ಓಡಿದ್ದು ಸಾಕು. ಇನ್ನ ಮ್ಯಾಲೆ ಓದ್ಲಿ, ಒಂದು ಒಳ್ಳೆ ಕಡೆ ಕೊಟ್ಟುಬಿಡೋಣು" ಎಂದನು. ಹುಡುಗಿ ಬಾಗಿಲ ಬಳಿ ನಿಂತಿದ್ದಳು. "ತಾತ, ನಾ ಓದ್ತೀನಿ. ಓಡೋದೂ ಓಡ್ತೀನಿ. ಎರಡೂ ಆಗ್ತದೆ" ಎಂದಷ್ಟೇ ಹೇಳಿ ಸುಮ್ಮನಾದಳು. ತಂದೆಯ ಭಯ ಸುಳ್ಳಲ್ಲ. ಮಗಳ ಮಾತೂ ಸುಳ್ಳಲ್ಲ. ಎರಡೂ ಆಗುವುದು ನಿಜವೇ ಎಂಬುದನ್ನು ತಿಳಿಯದೆ ಹಿರಿಯನೆಂಬ ಕಾರಣಕ್ಕೆ ತೀರ್ಪು ಕೊಡುವುದು ಸರಿಯಲ್ಲವೆಂದು ನಾನು ಹದಿನೈದು ದಿನಗಳ ಅವಕಾಶ ಕೇಳಿದೆನು.

ಆಗ ನನಗೆ ನೆನಪಾದದ್ದು ಅದಕ್ಕೆ ಹಿಂದಿನ ವರ್ಷ, ೨೦೨೪ರ ಆಗಸ್ಟ್ ೧೦ರಂದು, ದೂರದರ್ಶನದ ಮುಂದೆ ಮಗನೊಡನೆ ಕುಳಿತು ನೋಡಿದ ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟ. ಗೆದ್ದವನು ಇಥಿಯೋಪಿಯಾದ ತಮಿರಾತ್ ತೋಲಾ. ಎಂಟನೆಯವನಾಗಿ ೨ ಗಂಟೆ ೮ ನಿಮಿಷ ೧೨ ಸೆಕೆಂಡುಗಳಲ್ಲಿ ಬಂದ ಕಾನರ್ ಮ್ಯಾಂಟ್ಜ್ ಮತ್ತು ಅವನ ಬೆನ್ನಿಗೇ ಒಂಬತ್ತನೆಯವನಾಗಿ ಬಂದ ಕ್ಲೇಟನ್ ಯಂಗ್ ಇಬ್ಬರೂ ಅಮೆರಿಕದವರು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು, ಒಬ್ಬನೇ ಗುರುವಿನ ಶಿಷ್ಯರು ಎಂದು ಮಗ ಹೇಳಿದ್ದನು. ಪಂದ್ಯ ಗೆದ್ದವನಿಗಿಂತ ಆ ಗುರು ಯಾರಿರಬಹುದೆಂಬ ಕುತೂಹಲವೇ ನನ್ನಲ್ಲಿ ಉಳಿದಿತ್ತು. ಈಗ ಕುಳಿತು ಆತನ ಚರಿತ್ರೆಯನ್ನು ಓದಿದೆನು.

ಆತನ ಹೆಸರು ಎಡ್ ಐಸ್ಟೋನ್. ಅಮೆರಿಕದ ಯೂಟಾ ರಾಜ್ಯದ ಪ್ರೊವೊ ನಗರದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಆತ ದೊಡ್ಡ ಓಟಗಾರ. ೧೯೮೪ರಲ್ಲಿ ಆ ದೇಶದ ಕಾಲೇಜುಗಳ ಗುಡ್ಡಗಾಡು ಓಟದಲ್ಲಿ ಪ್ರಥಮ. ೧೯೮೫ರಲ್ಲಿ ೫೦೦೦ ಮೀಟರು ಮತ್ತು ೧೦,೦೦೦ ಮೀಟರು ಎರಡರಲ್ಲಿಯೂ ಪ್ರಥಮ. ೧೯೯೦ರಲ್ಲಿ ಮ್ಯಾರಥಾನ್ ಓಟವನ್ನು ೨ ಗಂಟೆ ೧೦ ನಿಮಿಷ ೫೯ ಸೆಕೆಂಡುಗಳಲ್ಲಿ ಮುಗಿಸಿದನು. ೧೯೮೮ರ ಸೋಲ್ ಒಲಿಂಪಿಕ್ಸ್‌ನಲ್ಲಿ ೨೯ನೆಯ ಸ್ಥಾನ, ೧೯೯೨ರ ಬಾರ್ಸಿಲೋನಾದಲ್ಲಿ ೧೩ನೆಯ ಸ್ಥಾನ. ಅಲ್ಲಿಗೆ ಕಾಲಿನ ಕಾಲ ಮುಗಿಯಿತು. ಒಲಿಂಪಿಕ್ ಪದಕ ಕೈಗೆ ಬರಲಿಲ್ಲ. ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಕೆಲಕಾಲ ತರಬೇತಿಯ ಕೆಲಸ ಮಾಡಿ, ೨೦೦೦ದಲ್ಲಿ ತಾನು ಓದಿದ ವಿದ್ಯಾಲಯಕ್ಕೇ ತರಬೇತುದಾರನಾಗಿ ಹಿಂದಿರುಗಿದನು. ಕಾಲು ಶತಮಾನ ಅಲ್ಲಿಯೇ ನಿಂತನು.

ಈ ನಿಲ್ಲುವಿಕೆಯೇ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ. ಆತನ ತಂಡ ದೇಶದ ಗುಡ್ಡಗಾಡು ಓಟದ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದದ್ದು ೨೦೧೯ರಲ್ಲಿ, ಅಂದರೆ ಸೇರಿದ ಹತ್ತೊಂಬತ್ತು ವರ್ಷಗಳ ಮೇಲೆ. ಎರಡನೆಯ ಸಲ ಗೆದ್ದದ್ದು ೨೦೨೪ರ ನವೆಂಬರಿನಲ್ಲಿ. ಹತ್ತೊಂಬತ್ತು ವರ್ಷ ಕಾಯುವ ಆಡಳಿತ ಮಂಡಳಿ, ಹತ್ತೊಂಬತ್ತು ವರ್ಷ ಕಾಯುವ ಗುರು. ಇವೆರಡೂ ಕೂಡಿದಲ್ಲಿ ಮಾತ್ರ ಇಂಥ ಕೆಲಸ ಆಗುತ್ತದೆ. ಆ ವಿಶ್ವವಿದ್ಯಾಲಯ ಒಂದು ಕ್ರೈಸ್ತ ಪಂಥದ ಆಶ್ರಯದಲ್ಲಿ ನಡೆಯುವಂಥದು. ಭಾನುವಾರ ಅದರ ತಂಡಗಳು ಸ್ಪರ್ಧೆಗೆ ಇಳಿಯುವುದಿಲ್ಲ. ಅಲ್ಲಿಯ ಅನೇಕ ವಿದ್ಯಾರ್ಥಿಗಳು ನಡುವೆ ಎರಡು ವರ್ಷ ಓದನ್ನೂ ಓಟವನ್ನೂ ಬಿಟ್ಟು ತಮ್ಮ ಧರ್ಮದ ಸೇವೆಗೆಂದು ದೂರದೇಶಗಳಿಗೆ ಹೋಗುತ್ತಾರೆ. ಮೇಲೆ ಹೇಳಿದ ಮ್ಯಾಂಟ್ಜ್ ಆಫ್ರಿಕದ ಘಾನಾ ದೇಶದಲ್ಲಿ ಸೇವೆ ಮಾಡಿ ಬಂದವನು. ಏರುವಯಸ್ಸಿನ ಓಟಗಾರ ಎರಡು ವರ್ಷ ಅಭ್ಯಾಸ ಬಿಟ್ಟನೆಂದರೆ ಬೇರೆ ತರಬೇತುದಾರ ಕೈಬಿಡಬಹುದು. ಈ ಗುರು ಅವರನ್ನು ಕಾದು, ಬಂದ ಮೇಲೆ ಮೊದಲಿನಿಂದ ನಿಧಾನವಾಗಿ ದೇಹವನ್ನು ಕಟ್ಟುತ್ತಿದ್ದನು. ಮ್ಯಾಂಟ್ಜ್ ಹಿಂದಿರುಗಿ ಬಂದು ಕಾಲೇಜುಗಳ ಗುಡ್ಡಗಾಡು ಓಟವನ್ನು ಎರಡು ಸಲ ಗೆದ್ದನು; ೨೦೨೫ರ ಅಕ್ಟೋಬರಿನಲ್ಲಿ ಶಿಕಾಗೋ ನಗರದಲ್ಲಿ ೨ ಗಂಟೆ ೪ ನಿಮಿಷ ೪೩ ಸೆಕೆಂಡುಗಳ ಅಮೆರಿಕದ ದಾಖಲೆಯನ್ನೇ ಬರೆದನು. ಮತ್ತೊಬ್ಬ ಶಿಷ್ಯ ಜ್ಯಾರೆಡ್ ವಾರ್ಡ್ ೨೦೧೬ರ ರಿಯೋ ಒಲಿಂಪಿಕ್ ಮ್ಯಾರಥಾನಿನಲ್ಲಿ ಆರನೆಯವನು. ಅವನು ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವೀಧರ. ಮ್ಯಾರಥಾನಿನಲ್ಲಿ ವೇಗವನ್ನು ಹೇಗೆ ಹಂಚಿಕೊಳ್ಳಬೇಕೆಂಬುದೇ ಅವನ ಪ್ರಬಂಧದ ವಸ್ತು. ಓದು, ಓಟ ಎರಡೂ ಆಗುತ್ತದೆ ಎಂಬ ಕುರುಗೋಡಿನ ಹುಡುಗಿಯ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಗುಡ್ಡಗಾಡು ಓಟದ ಅಂಕದ ಲೆಕ್ಕವನ್ನು ತಿಳಿದಾಗ ನನಗೆ ಇನ್ನಷ್ಟು ಬೆರಗಾಯಿತು. ಓದುಗರಿಗೂ ಅದನ್ನು ಹೇಳಬೇಕು. ಆ ದೇಶದ ಕಾಲೇಜು ಸ್ಪರ್ಧೆಯಲ್ಲಿ ತಂಡಕ್ಕೆ ಏಳು ಮಂದಿ ಓಡುತ್ತಾರೆ. ಮೊದಲು ಬಂದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು, ನೂರನೆಯವನಿಗೆ ನೂರು. ಪ್ರತಿ ತಂಡದ ಮೊದಲ ಐವರ ಅಂಕಗಳನ್ನು ಕೂಡಿಸುತ್ತಾರೆ. ಯಾರ ಮೊತ್ತ ಕಡಿಮೆಯೋ ಅವರದು ಗೆಲುವು. ಒಂದು ತಂಡದವರು ೧, ೨, ೩, ೪ನೆಯ ಸ್ಥಾನಗಳನ್ನೆಲ್ಲ ಗೆದ್ದು, ಐದನೆಯವನು ೯೦ನೆಯವನಾಗಿ ಬಂದನೆಂದುಕೊಳ್ಳಿ, ಮೊತ್ತ ೧೦೦. ಇನ್ನೊಂದು ತಂಡದವರು ೧೦, ೧೪, ೧೮, ೨೨, ೨೬ನೆಯವರಾಗಿ ಬಂದರೆ ಮೊತ್ತ ೯೦. ಮೊದಲ ಒಂಬತ್ತರಲ್ಲಿ ಒಬ್ಬನೂ ಇಲ್ಲದ ತಂಡವೇ ಗೆದ್ದಿತು! ಆರನೆಯವನು, ಏಳನೆಯವನು ಮೊತ್ತಕ್ಕೆ ಸೇರದಿದ್ದರೂ ಎದುರಾಳಿಗಳ ಮುಂದೆ ಬಂದರೆ ಅವರ ಸ್ಥಾನವನ್ನು ಹಿಂದಕ್ಕೆ ತಳ್ಳುತ್ತಾರೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರು ಎಳೆಯುವಾಗ ಹಗ್ಗದ ತುದಿಯಲ್ಲಿ ನಿಂತವನು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಕೈಬಿಟ್ಟರೆ ಭಾರ ಮುಂದಿನವನ ಮೇಲೆ ಬೀಳುತ್ತದೆ. ಆದಕಾರಣ ಗುಡ್ಡಗಾಡು ಓಟದ ಗುರು ಮೊದಲನೆಯವನಿಗಷ್ಟೇ ಗುರುವಾದರೆ ಸಾಲದು. ಅವನ ಯೋಗ್ಯತೆ ತಿಳಿಯುವುದು ಐದನೆಯವನಲ್ಲಿ.

ಈ ಗುರುವಿನ ಇನ್ನೊಬ್ಬ ಶಿಷ್ಯನ ವೃತ್ತಾಂತ ಅಷ್ಟೇ ಮನನೀಯವಾದುದು. ಕೆನೆತ್ ರೂಕ್ಸ್ ಎಂಬ ತರುಣ ೨೦೨೩ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ೩೦೦೦ ಮೀಟರು ಸ್ಟೀಪಲ್‌ಚೇಸ್ ಓಟದ ಆರಂಭದಲ್ಲೇ ಅಡ್ಡಗಟ್ಟೆಗೆ ಎಡವಿ ಉರುಳಿಬಿದ್ದನು. ಎಲ್ಲರೂ ಮುಂದೆ ಹೋದರು. ಅವನು ಎದ್ದವನೇ ಒಮ್ಮೆಗೇ ನುಗ್ಗದೆ, ಸುತ್ತಿಗಿಷ್ಟು ಎಂದು ಅಂತರವನ್ನು ತುಂಬಿಕೊಳ್ಳುತ್ತ ಬಂದು ಕಡೆಗೆ ಗೆದ್ದನು. ೨೦೨೪ರ ಪ್ಯಾರಿಸ್‌ನಲ್ಲಿ ಅದೇ ಓಟದಲ್ಲಿ ೮ ನಿಮಿಷ ೬.೪೧ ಸೆಕೆಂಡುಗಳಲ್ಲಿ ಬೆಳ್ಳಿಯ ಪದಕ ಪಡೆದನು. ಬಿದ್ದ ಕ್ಷಣದಲ್ಲಿ ಗಾಬರಿಗೊಳ್ಳದ ಬುದ್ಧಿ ಆ ಕ್ಷಣದಲ್ಲಿ ಹುಟ್ಟುವುದಿಲ್ಲ. ಅದು ಬಹುಕಾಲದ ಅಭ್ಯಾಸದಿಂದ ರಕ್ತಗತವಾಗಿರಬೇಕು.

ಪ್ಯಾರಿಸ್‌ನ ಆ ಅಂತಿಮ ಓಟದಲ್ಲಿ ನಮ್ಮ ಭಾರತದ ಅವಿನಾಶ ಸಾಬಳೆಯೂ ಇದ್ದನು, ೧೧ನೆಯವನಾಗಿ ಮುಗಿಸಿದನು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಡ ಕುಟುಂಬದ ಈ ಹುಡುಗನನ್ನು ಓಟಗಾರನನ್ನಾಗಿ ಮಾಡಿದ್ದು ಕಾಲೇಜಲ್ಲ, ಸೈನ್ಯ. ಹಿಂದಕ್ಕೆ ನೋಡಿದರೂ ಇದೇ ಮಾತು. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ೮೦೦ ಮೀಟರಿನಲ್ಲಿ ಏಳನೆಯವನಾದ ಶ್ರೀರಾಮ ಸಿಂಗ್, ಮ್ಯಾರಥಾನಿನಲ್ಲಿ ಹನ್ನೊಂದನೆಯವನಾದ ಶಿವನಾಥ ಸಿಂಗ್ ಇವರೆಲ್ಲ ಸೈನ್ಯದವರೇ. ನಮ್ಮ ದೇಶದಲ್ಲಿ ದೂರದ ಓಟಕ್ಕೆ ತೊಟ್ಟಿಲಾದದ್ದು ದಂಡಿನ ಪಾಳೆಯ, ಅಮೆರಿಕದಲ್ಲಿ ಕಾಲೇಜು. ಸೈನ್ಯದ ಉಪಕಾರ ದೊಡ್ಡದು. ಆದರೆ ಸೈನ್ಯದ ಸಿಪಾಯಿ ದರ್ಜೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದೇ ೨೦೧೯ರಲ್ಲಿ, ಅದೂ ಮಿಲಿಟರಿ ಪೊಲೀಸ್ ವಿಭಾಗದಲ್ಲಿ ಮಾತ್ರ. ಹಳ್ಳಿಯ ಹುಡುಗಿಗೆ ಹದಿನೆಂಟರಿಂದ ಇಪ್ಪತ್ತೊಂದರವರೆಗೆ ಓಡಲು ಹತ್ತಿರದಲ್ಲಿರುವ ಬಾಗಿಲು ಒಂದೇ: ಪದವಿ ಕಾಲೇಜು. ಅದು ಮುಚ್ಚಿದರೆ ಅವಳ ಓಟ ಅಲ್ಲಿಗೇ ಮುಗಿಯಿತು.

ನಮ್ಮ ನಾಡಿನಲ್ಲಿ ಪರಂಪರೆ ಇಲ್ಲವೆಂದೇನಿಲ್ಲ. ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ೧೯ನೆಯ ಸ್ಥಾನ ಪಡೆದ ಫಡೆಪ್ಪ ದರೆಪ್ಪ ಚೌಗುಲೆ ಬೆಳಗಾವಿಯವರು. ಅಥ್ಲೀಟುಗಳನ್ನು ತಯಾರಿಸುವುದರಲ್ಲಿ ದಶಕಗಳನ್ನು ಕಳೆದ ಎನ್. ಲಿಂಗಪ್ಪನವರಿಗೆ ೨೦೧೪ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂದಿತು. ೨೦೨೦ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟವನ್ನು ಮಂಗಳೂರು ವಿಶ್ವವಿದ್ಯಾಲಯವೇ ಗೆದ್ದಿತು. ಓಡುವ ಮಕ್ಕಳಿಗೆ ಊಟ, ವಸತಿ, ಓದನ್ನು ಕೊಟ್ಟು ವರ್ಷಗಟ್ಟಲೆ ಸಾಕಿದ ಶಿಕ್ಷಣ ಸಂಸ್ಥೆಯೊಂದರ ಶ್ರಮ ಅದರ ಹಿಂದಿದೆ. ನಮ್ಮ ಜಿಲ್ಲೆಯ ತೋರಣಗಲ್ಲಿನ ಬಳಿ ೨೦೧೮ರಲ್ಲಿ ದೊಡ್ಡ ಕ್ರೀಡಾ ಸಂಸ್ಥೆಯೊಂದು ಆರಂಭವಾಯಿತು. ಆದರೆ ಅಂಥಲ್ಲಿ ಸ್ಥಳ ಸಿಗುವುದು ಆಯ್ದ ಕೆಲವರಿಗೆ. ಉಳಿದ ನೂರಾರು ಮಕ್ಕಳಿಗೆ ಇರುವುದು ಊರ ಕಾಲೇಜೇ.

ದೊಡ್ಡ ಓಟಗಾರರೆಲ್ಲ ಒಳ್ಳೆಯ ಗುರುಗಳಾಗುವರೆಂದೂ ತಿಳಿಯಬಾರದು. ಅಮೆರಿಕದವನೇ ಆದ ಆಲ್ಬರ್ಟೊ ಸಲಜಾರ್ ೧೯೮೦ರಿಂದ ೧೯೮೨ರವರೆಗೆ ನ್ಯೂಯಾರ್ಕ್ ಮ್ಯಾರಥಾನನ್ನು ಮೂರು ಸಲ ಗೆದ್ದವನು. ತರಬೇತುದಾರನಾಗಿಯೂ ಪ್ರಸಿದ್ಧನಾದನು. ಕಡೆಗೆ ಉದ್ದೀಪನ ಮದ್ದಿನ ನಿಯಮಗಳನ್ನು ಮೀರಿದನೆಂದು ೨೦೧೯ರಲ್ಲಿ ಅವನಿಗೆ ನಾಲ್ಕು ವರ್ಷಗಳ ನಿಷೇಧ ವಿಧಿಸಲಾಯಿತು. ಅದೇ ವರ್ಷ ಅವನ ಶಿಷ್ಯೆಯಾಗಿದ್ದ ಮೇರಿ ಕೇನ್, ತೂಕ ಇಳಿಸೆಂಬ ಒತ್ತಾಯದಿಂದ ತನ್ನ ಮುಟ್ಟು ನಿಂತುಹೋಯಿತು, ಮೂಳೆಗಳು ಮುರಿದವು ಎಂದು ಬಹಿರಂಗವಾಗಿ ಹೇಳಿಕೊಂಡಳು. ಹೆಣ್ಣುಮಕ್ಕಳ ತಾಯಂದಿರು ಇದನ್ನು ಗಮನಿಸಬೇಕು. ಹೆಚ್ಚು ಓಡಿ ಕಡಿಮೆ ಉಂಡರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆಯ ಗಟ್ಟಿತನವನ್ನು ಕಳೆಯುತ್ತದೆ. ಸಂಕೋಚದಿಂದ ಮುಚ್ಚಿಡುವ ವಿಷಯ ಇದಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಐಸ್ಟೋನ್ ಇದ್ದ ವಿದ್ಯಾಲಯದಲ್ಲಿಯೇ ದೊರೆಯಿತು. ಅಲ್ಲಿಯ ಹೆಣ್ಣುಮಕ್ಕಳ ತಂಡವನ್ನು ತಿದ್ದಲು ೨೦೧೬ರಲ್ಲಿ ಬಂದವರು ದಿಲ್ಜೀತ್ ಟೇಲರ್. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಪಂಜಾಬಿ ಕುಟುಂಬದ ಮಗಳು, ಕಾಲೇಜಿನಲ್ಲಿ ಮಧ್ಯಮ ದೂರದ ಓಟಗಾರ್ತಿಯಾಗಿದ್ದವರು. ಕೊರೋನಾ ಕಾರಣದಿಂದ ೨೦೨೧ರ ಮಾರ್ಚಿಗೆ ಮುಂದೂಡಲ್ಪಟ್ಟ ಗುಡ್ಡಗಾಡು ಓಟದಲ್ಲಿ ಅವರ ತಂಡ ಗೆದ್ದಿತು. ೨೦೨೪ರಲ್ಲಿ ಗಂಡುಮಕ್ಕಳ ತಂಡ ಗೆದ್ದ ದಿನವೇ ಹೆಣ್ಣುಮಕ್ಕಳ ತಂಡವೂ ಗೆದ್ದಿತು. ನಮ್ಮಂತೆಯೇ ಮಗಳ ಮದುವೆ, ಮಾನ ಎಂದು ಚಿಂತಿಸುವ ನಾಡಿನಿಂದ ಹೋದ ಮನೆತನದ ಹೆಣ್ಣುಮಗಳೊಬ್ಬಳು ಅಲ್ಲಿ ಗುರುಪೀಠದಲ್ಲಿ ಕುಳಿತಿದ್ದಾಳೆಂಬುದನ್ನು ನನ್ನ ಅಳಿಯನಿಗೆ ಹೇಳಿದಾಗ ಅವನು ಮೊದಲ ಬಾರಿಗೆ ಮರುಮಾತಾಡದೆ ಕೇಳಿದನು.

ಇಷ್ಟು ತಿಳಿದ ಮೇಲೆ ಉಳಿದದ್ದು ಕಾಲೇಜಿನ ಆಯ್ಕೆ. ಬಳ್ಳಾರಿಯ ಒಂದು ಹೆಸರಾಂತ ಕಾಲೇಜಿಗೆ ಹೋಗಿ ನೋಡಿದೆನು. ಕಟ್ಟಡ ಭವ್ಯವಾಗಿತ್ತು, ಮೈದಾನದಲ್ಲಿ ವಾಹನಗಳು ನಿಂತಿದ್ದವು, ದೈಹಿಕ ಶಿಕ್ಷಣದ ಅಧ್ಯಾಪಕರು ವರ್ಷಕ್ಕೊಬ್ಬರಂತೆ ಬದಲಾಗುತ್ತಿದ್ದರು. ಬಳಿಕ ಸಿರುಗುಪ್ಪಕ್ಕೆ ಹೋದೆನು. ಅಲ್ಲಿಯ ಕಾಲೇಜೊಂದರ ದೈಹಿಕ ಶಿಕ್ಷಣದ ಅಧ್ಯಾಪಕರು ತಮ್ಮ ಕಾಲದಲ್ಲಿ ವಿಶ್ವವಿದ್ಯಾಲಯದ ಪರವಾಗಿ ಓಡಿದವರು. ಹದಿನೈದು ವರ್ಷಗಳಿಂದ ಅಲ್ಲಿಯೇ ಇದ್ದಾರೆ. ಅವರಿಗೆ ಓಟದ ಪಥವಿಲ್ಲ. ತುಂಗಭದ್ರೆಯ ಕಾಲುವೆಯ ಏರಿಯೇ ಪಥ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಎಂಟು ಗಂಟೆಯ ಬಿಸಿಲನ್ನೇ ತಡೆಯಲಾಗದು. ಆದ್ದರಿಂದ ಐದು ಗಂಟೆಗೆ ಓಟ ಆರಂಭ, ಆರೂವರೆಗೆ ಮುಕ್ತಾಯ. ಮಳೆಯಾದರೆ ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುವುದರಿಂದ ಅಂದು ಓಟವಿಲ್ಲ, ಅಂಗಸಾಧನೆ ಮಾತ್ರ.

ನಾನು ಅವರನ್ನು ಪದಕಗಳ ಬಗೆಗೆ ಕೇಳಲಿಲ್ಲ. "ನಿಮ್ಮ ಕೈಯಲ್ಲಿ ಕಲಿತು ಏನೂ ಗೆಲ್ಲದ ಮಕ್ಕಳು ಈಗ ಎಲ್ಲಿದ್ದಾರೆ?" ಎಂದು ಕೇಳಿದೆನು. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, "ಇದನ್ನ ಯಾರೂ ಕೇಳಿದ್ದಿಲ್ರಿ ಸರ್" ಎಂದು ಒಂದೊಂದೇ ಹೇಳತೊಡಗಿದರು. ಒಬ್ಬಳು ನರ್ಸ್, ಒಬ್ಬಳು ಶಾಲಾ ಶಿಕ್ಷಕಿ, ಒಬ್ಬ ಪೊಲೀಸ್ ಕಾನ್‌ಸ್ಟೆಬಲ್, ಒಬ್ಬ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ಒಬ್ಬಳನ್ನು ಮದುವೆ ಮಾಡಿ ಕಳಿಸಿದರು. ಅವಳ ಮಗ ಈಗ ಶಾಲೆಯಲ್ಲಿ ಓಡುತ್ತಿದ್ದಾನೆ. ಒಬ್ಬರ ಸುದ್ದಿಯನ್ನೂ ಅವರು ಮರೆತಿರಲಿಲ್ಲ. ಆಮೇಲೆ ಒಂದು ನೋಟುಬುಕ್ಕನ್ನು ತೋರಿಸಿದರು. ಪ್ರತಿಯೊಂದು ಮಗು ಎಷ್ಟು ಹೊತ್ತು ಮಲಗಿತು, ಏನು ಉಂಡಿತು, ಎಲ್ಲಿ ನೋವು ಎಂಬುದನ್ನು ಅದರಲ್ಲಿ ದಿನವೂ ಬರೆದಿತ್ತು. ಸಜ್ಜೆ ರೊಟ್ಟಿ, ಮೊಳಕೆ ಕಾಳು, ಶೇಂಗಾ, ಬೆಲ್ಲ, ಹಾಲು ಇಷ್ಟನ್ನು ಮನೆಯವರು ತಪ್ಪದೆ ಕೊಟ್ಟರೆ ಸಾಕೆಂದು ಅವರು ಹೇಳಿದರು. ಮಠದಲ್ಲಿ ನನಗೆ ವ್ಯಾಕರಣ ಹೇಳಿದ ಗುರುಗಳೂ ಹೀಗೆಯೇ, ತಮ್ಮಲ್ಲಿ ಓದಿದ ಮಂದಮತಿಗಳ ಯೋಗಕ್ಷೇಮವನ್ನು ವಿದ್ವಾಂಸರಾದವರಿಗಿಂತ ಹೆಚ್ಚಾಗಿ ವಿಚಾರಿಸುತ್ತಿದ್ದರು. ನನ್ನ ಅಳತೆ ಅಲ್ಲಿಗೆ ಮುಗಿಯಿತು.

"ಮಂದಿ ಮಕ್ಕಳನ್ನ ಬಳ್ಳಾರಿಗೆ ಕಳಿಸ್ತಾರ. ನೀವು ಸಿರುಗುಪ್ಪ ಅಂತೀರಲ್ರಿ ಮಾವ!" ಎಂದು ಅಳಿಯ ಆಕ್ಷೇಪಿಸಿದನು. "ಊರು ನೋಡಿ ಕಳಿಸಬ್ಯಾಡಪ್ಪ, ಗುರು ನೋಡಿ ಕಳಿಸು" ಎಂದೆನು. ಮೂರು ವರ್ಷ ಓದು ಮುಗಿಯುವವರೆಗೆ ಮದುವೆಯ ಮಾತು ಎತ್ತಬಾರದೆಂದೂ, ಮಗಳು ಯಾವುದೇ ವಿಷಯದಲ್ಲಿ ಅನುತ್ತೀರ್ಣಳಾದರೆ ಓಟವನ್ನು ನಿಲ್ಲಿಸಿ ಅದನ್ನು ಪಾಸು ಮಾಡಿಕೊಳ್ಳಬೇಕೆಂದೂ ಇಬ್ಬರಿಂದಲೂ ಮಾತು ಪಡೆದೆನು. ಹುಡುಗಿ ಈಗ ಸಿರುಗುಪ್ಪದಲ್ಲಿ ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದಾಳೆ. ಮೊದಲ ಮೂರು ತಿಂಗಳಲ್ಲಿಯೇ ಅವಳ ಮೊಣಕಾಲ ಕೆಳಗಿನ ಮೂಳೆ ನೋಯತೊಡಗಿತು. ಅಂತರ ಕಾಲೇಜು ಸ್ಪರ್ಧೆ ಹತ್ತಿರವಿತ್ತು. ಅವಳನ್ನು ಬಿಟ್ಟರೆ ತಂಡಕ್ಕೆ ಆಳು ಸಾಲದು. ಆದರೂ ಗುರುಗಳು ಆರು ವಾರ ಅವಳನ್ನು ಓಡಲು ಬಿಡಲಿಲ್ಲ. ತಂಡ ಆ ವರ್ಷ ಗೆಲ್ಲಲಿಲ್ಲ. ಹುಡುಗಿ ಅತ್ತಳು, ತಂದೆ ಮಾತ್ರ ನನಗೆ ದೂರವಾಣಿ ಮಾಡಿ, "ಮಾವ, ಕಪ್ಪು ಬಿಟ್ಟು ನಮ್ಮ ಹುಡುಗೀನ ನೋಡಿದ್ರಲ್ಲ, ಅವರು ಖರೇ ಮೇಷ್ಟ್ರು" ಎಂದನು. ಮಗಳನ್ನು ಮೈದಾನದಿಂದ ಬಿಡಿಸಲು ಬಂದಿದ್ದ ತಂದೆಯ ಬಾಯಿಂದ ಬಂದ ಈ ಮಾತು ನನಗೆ ಯಾವ ಕಪ್ಪಿಗಿಂತಲೂ ದೊಡ್ಡದೆನಿಸಿತು. ಅವಳು ಈಗ ಮತ್ತೆ ಕಾಲುವೆಯ ಏರಿಯ ಮೇಲೆ ಓಡುತ್ತಿದ್ದಾಳೆ, ತಂಡದಲ್ಲಿ ಐದನೆಯವಳಂತೆ.

ನಮ್ಮ ಸಮಾಜದ ಸಂಘಗಳೂ ಮಠಗಳೂ ಊರೂರಿಗೆ ಕಾಲೇಜುಗಳನ್ನು ತೆರೆದು ನಡೆಸುತ್ತ ಬಂದಿವೆ. ಆ ಆಡಳಿತ ಮಂಡಳಿಗಳಲ್ಲಿ ಕುಳಿತ ಹ��ರಿಯರಲ್ಲಿ ನನ್ನ ವಿನಂತಿ ಇಷ್ಟೇ. ಓಡಿ ದಣಿದು ಬಂದ ಒಬ್ಬ ಯೋಗ್ಯ ಓಟಗಾರ ನಿಮ್ಮ ಊರಿನ ಸುತ್ತಮುತ್ತ ಇದ್ದೇ ಇರುತ್ತಾನೆ. ಅವನನ್ನು ಕರೆದು ಖಾಯಂ ಹುದ್ದೆ ಕೊಡಿ, ಮೈದಾನವನ್ನು ಮೈದಾನವಾಗಿ ಉಳಿಸಿಕೊಡಿ, ವರ್ಷದ ಕೊನೆಗೆ ಕಪ್ಪೆಲ್ಲಿ ಎಂದು ಕೇಳದೆ ಹತ್ತು ವರ್ಷ ಕಾಯಿರಿ. ತಂದೆತಾಯಿಗಳಲ್ಲಿ ಇನ್ನೊಂದು ಮಾತು. ಮಗುವನ್ನು ಸೇರಿಸುವ ಮುನ್ನ ಆ ಗುರುವಿನ ಬಳಿ ಹೋಗಿ, ಗೆದ್ದವರ ಫೋಟೋಗಳನ್ನು ನೋಡಿದ ಮೇಲೆ, ಗೆಲ್ಲದವರು ಎಲ್ಲಿದ್ದಾರೆಂದು ಕೇಳಿರಿ. ಅದಕ್ಕೆ ಅವರಲ್ಲಿ ಉತ್ತರವಿದ್ದರೆ ನಿಶ್ಚಿಂತೆಯಿಂದ ಮಗುವಿನ ಕೈಯನ್ನು ಅವರ ಕೈಯಲ್ಲಿಟ್ಟು ಬನ್ನಿರಿ.